ಗೋವಿಂದರಾಜುವಿನ ಹೊಸ ಫೋನೂ ಅಕ್ಕನ ಒಂದು ರಿಂಗೂ

ತ್ಯಾಮಗೊಂಡ್ಲಿನ ವಾಟರ್‌ಮ್ಯಾನ್ ಗೋವಿಂದರಾಜು ಹೊಸ ಫೋನು ಕೊಳ್ಳಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡಷ್ಟು ತನ್ನ ಮದುವೆಗೂ ಕೆಡಿಸಿಕೊಂಡಿರಲಿಲ್ಲ. ಮದುವೆಯನ್ನಾದರೆ ಅಕ್ಕ ಅಂಜಿನಮ್ಮ ಮುಂದೆ ನಿಂತು ಗೊತ್ತು ಮಾಡಿ, ಹುಡುಗಿ ಚೆನ್ನಾಗಿದ್ದಾಳೆ, ಸುಮ್ಮನೆ ತಾಳಿ ಕಟ್ಟು ಎಂದಿದ್ದಳು. ಆತ ಸುಮ್ಮನೆ ಕಟ್ಟಿದ್ದ. ಫೋನಿನ ವಿಷಯದಲ್ಲಿ ಹಾಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಯಾರೂ ಸಿಗಲಿಲ್ಲ. ಹೇಳುವವರೇನೋ ಊರು ತುಂಬ ಇದ್ದರು, ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ತಾಳೆಯಾಗುತ್ತಿರಲಿಲ್ಲ.

ಹಳೆಯದೂ ಸ್ಮಾರ್ಟ್‌ಫೋನೇ. ಆದರೆ ಅದರ ಜಾಣತನವೆಲ್ಲ ಸೋರಿಹೋಗಿ ಬಹಳ ಕಾಲವಾಗಿತ್ತು. ಗಾಜು ಬಿರುಕು ಬಿಟ್ಟು, ಬ್ಯಾಟರಿ ಪೂರಿಯ ಹಾಗೆ ಉಬ್ಬಿ, ಹಿಂದಿನ ಮುಚ್ಚಳ ಒಂದು ರಬ್ಬರ್ ಬ್ಯಾಂಡಿನ ದಯೆಯಿಂದ ನಿಂತಿತ್ತು. ವಾಲ್ವ್ ಗುಂಡಿಗೆ ಬಿದ್ದು ಎದ್ದು ಬಂದ ಮೇಲೆ ಅದರಲ್ಲಿ ಯಾರು ಮಾತಾಡಿದರೂ ನೀರೊಳಗಿನಿಂದ ಮಾತಾಡಿದಂತೆ ಕೇಳಿಸುತ್ತಿತ್ತು. ಇಷ್ಟಾದರೂ ಆತ ಅದರೊಡನೆ ಸಂಸಾರ ಮಾಡಿಕೊಂಡೇ ಇದ್ದ. ಪಂಚಾಯ್ತಿಯವರು ದಿನಾ ಬೆಳಿಗ್ಗೆ ನೀರಿನ ಟ್ಯಾಂಕಿನ ಫೋಟೋ ತೆಗೆದು ಕಳಿಸಬೇಕು ಎಂದು ಆರ್ಡರ್ ಮಾಡಿದ ಮೇಲೆ ತೊಂದರೆ ಶುರುವಾಯಿತು. ಆತ ಕಳಿಸಿದ ಟ್ಯಾಂಕನ್ನು ನೋಡಿ, ಮೋಡದ ಫೋಟೋ ನಮಗೆ ಯಾಕೆ ಕಳಿಸುತ್ತೀಯ, ಮಳೆ ಬಂದಾಗ ನಮಗೇ ಗೊತ್ತಾಗುತ್ತೆ ಎಂದು ಆಫೀಸಿನಲ್ಲಿ ಬೈದರು.

ಹೆಂಡತಿ ಅನುಸೂಯಮ್ಮನನ್ನು ಕೇಳಿದರೆ, ಮೊದಲು ಮಿಕ್ಸಿ ಎಂದಳು. ಟೀ ಅಂಗಡಿಯಲ್ಲಿ ಕೇಳಿದರೆ ಒಬ್ಬರು ಹಬ್ಬದ ಆಫರ್‌ವರೆಗೆ ತಡಿ ಎಂದರು, ಇನ್ನೊಬ್ಬರು ನೀನು ಅದನ್ನು ಕಲಿಯುವ ಹೊತ್ತಿಗೆ ಅದೂ ಹಳೆಯದಾಗಿರುತ್ತೆ, ಆದ್ದರಿಂದ ಹಳೆಯದನ್ನೇ ಇಟ್ಟುಕೋ, ಲೆಕ್ಕ ಸರಿಹೋಗುತ್ತೆ ಎಂದರು. ಗೋವಿಂದರಾಜು ಎಲ್ಲರ ಮಾತಿಗೂ ತಲೆಯಾಡಿಸಿದ. ಅದು ಆತನ ಸ್ವಭಾವ. ಕೊನೆಯದಾಗಿ ಮಾತಾಡಿದವರು ಹೇಳಿದ್ದೇ ಆತನಿಗೆ ಸರಿಯೆನಿಸುತ್ತಿತ್ತು, ಮತ್ತೊಬ್ಬರು ಬಾಯಿ ತೆರೆಯುವವರೆಗೆ.

ಕೊನೆಗೆ ಆತ ಒಂದು ತೀರ್ಮಾನಕ್ಕೆ ಬಂದದ್ದು ಬೈಗುಳದ ದೆಸೆಯಿಂದ. ನೀರು ಬಂದ ದಿನ ವಾಟರ್‌ಮ್ಯಾನ್‌ಗೆ ಯಾರೂ ಫೋನು ಮಾಡಿ ಬಂತಪ್ಪಾ ಎನ್ನುವುದಿಲ್ಲ. ಬಾರದ ದಿನ ಮಾಡುತ್ತಾರೆ. ಹೆಸರು ಹೇಳದೆ, ಅವನ ವಂಶದ ಬಗ್ಗೆ ತಮಗೆ ತಿಳಿದದ್ದನ್ನೆಲ್ಲ ಹೇಳಿ, ಟಪ್ಪನೆ ಇಟ್ಟುಬಿಡುತ್ತಾರೆ. ಬೈದವರು ಯಾರೆಂದು ತಿಳಿಯದೆ ಗೋವಿಂದರಾಜು ಬೀದಿಯಲ್ಲಿ ಎದುರಾದವರಿಗೆಲ್ಲ ಅನುಮಾನದಿಂದಲೇ ನಮಸ್ಕಾರ ಮಾಡಬೇಕಾಗಿತ್ತು. ಮೊಬೈಲ್ ಅಂಗಡಿಯ ಅಮರ್ ಈ ನೋವನ್ನು ಸರಿಯಾಗಿ ಹಿಡಿದ.

"ನೀನು ಸೇವ್ ಮಾಡ್ದಿದ್ರೂ ಇದ್ರಲ್ಲಿ ಹೆಸ್ರು ಬರುತ್ತಣ್ಣ. ಆ ನಂಬರ್ನ ಊರೋರೆಲ್ಲ ಏನಂತ ಸೇವ್ ಮಾಡ್ಕೊಂಡಿದಾರೋ, ಅದನ್ನ ಎತ್ಕೊಂಡು ತೋರ್ಸುತ್ತೆ."

"ಬೈಯೋರ್ ಹೆಸ್ರೂ ಬರುತ್ತಾ?"

"ಬೈಯೋಕ್ ಮುಂಚೇನೇ ಬರುತ್ತೆ."

ಇಷ್ಟು ಸಾಕಾಯಿತು. ಹಳೆಯದನ್ನು ಅಮರ್ ಒಂದು ರಟ್ಟಿನ ಪೆಟ್ಟಿಗೆಗೆ ಎಸೆದ. ಗೋವಿಂದರಾಜು ಹೊಸದನ್ನು ಶರ್ಟಿನ ಜೇಬಿನಲ್ಲಿ ಅರ್ಧ ಆಚೆ ಕಾಣುವ ಹಾಗೆ ಇಟ್ಟುಕೊಂಡು, ಮುಖ್ಯರಸ್ತೆಯಲ್ಲೇ ನಡೆದುಕೊಂಡು ಮನೆಗೆ ಬಂದ.

ಮೊದಲ ಒಂದೆರಡು ದಿನ ಆತ ಊರಿನ ಅಧಿಕಾರಿಯೇ ಆಗಿಬಿಟ್ಟ. ರಿಂಗಾಗುವುದೇ ತಡ, ಹೆಸರು ಮೂಡುತ್ತಿತ್ತು. ಆದರೆ ಅಮರ್ ಹೇಳಿದ್ದನ್ನು ಆತ ಪೂರ್ತಿ ಅರ್ಥ ಮಾಡಿಕೊಂಡಿರಲಿಲ್ಲ. ಜನರು ಒಬ್ಬರನ್ನೊಬ್ಬರು ಎದುರಿಗೆ ಕರೆಯುವುದು ಒಂದು, ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ಇನ್ನೊಂದು. "ಹೇಳಿ ಬಡ್ಡಿ ನಾಗಮ್ಮನವರೇ" ಎಂದು ಆತ ವಿನಯದಿಂದಲೇ ಅಂದ. ಆಚೆ ಕಡೆ ಒಂದು ಕ್ಷಣ ಸದ್ದಿರಲಿಲ್ಲ, ಆಮೇಲೆ ಬಹಳ ಸದ್ದಿತ್ತು. ಡೇರಿಯ ಕಾರ್ಯದರ್ಶಿಯನ್ನು ಸ್ಕ್ರೀನಿನಲ್ಲಿ ಕಂಡಂತೆ ನೀರುಹಾಲಣ್ಣ ಎಂದು ಕರೆದ. ಆ ಮನುಷ್ಯ ಸೈಕಲ್ ಹತ್ತಿ ಮನೆಯ ಬಾಗಿಲಿಗೇ ಬಂದು, ಯಾರು ಹೇಳಿದ್ದು ಹೇಳು ಎಂದು ಕೂತ. ಬೇಜಾರು ಮಾಡಿಕೊಳ್ಳದೆ ಇದ್ದವರು ರಾಮಾಂಜಿನಪ್ಪ ಒಬ್ಬರೇ. ಪಂಚಾಯ್ತಿಯ ಮಾಜಿ ಮೆಂಬರಾದ ಅವರ ಹೆಸರು ಕೇಸ್ ರಾಮಾಂಜಿನಪ್ಪ ಎಂದು ಬಂದಿತ್ತು. ಅದನ್ನು ಕೇಳಿ ಅವರು ಹಿಗ್ಗಿದರು. ತಮ್ಮನ ಮೇಲೊಂದು, ದಾಯಾದಿಯ ಮೇಲೊಂದು ಕೇಸು ಹಾಕಿ ಎರಡನ್ನೂ ಸೋತಿದ್ದ ಅವರನ್ನು ಊರಿನಲ್ಲಿ ಕಾನೂನು ಬಲ್ಲವರೆಂದೇ ನಡೆಸಿಕೊಳ್ಳುತ್ತಿದ್ದರು.

ಇದರಿಂದ ಗೋವಿಂದರಾಜುವಿಗೆ ಬೈಗುಳ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆದರೆ ಒಂದು ನಂಬಿಕೆ ಅವನೊಳಗೆ ಗಟ್ಟಿಯಾಗಿ ಕೂತಿತು. ನಾಗಮ್ಮ ಬಡ್ಡಿಗೆ ಕೊಡುವುದು ನಿಜ, ಹಾಲಿಗೆ ನೀರು ಬೀಳುವುದು ನಿಜ, ರಾಮಾಂಜಿನಪ್ಪನವರ ಕೇಸೂ ನಿಜ. ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದನ್ನು ಈ ಫೋನು ಹೇಳುತ್ತದೆ, ಇದು ಸುಳ್ಳು ಹೇಳುವುದಿಲ್ಲ ಎಂದು ಆತ ತೀರ್ಮಾನಿಸಿದ.

ಇಲ್ಲಿ ಅಂಜಿನಮ್ಮನ ವಿಷಯ ಹೇಳಬೇಕು. ಗೋವಿಂದರಾಜುವಿಗೆ ಹಾಲುಹಲ್ಲು ಬೀಳುವ ಮೊದಲೇ ತಾಯಿ ಹೋದಳು. ಅಕ್ಕ ಶಾಲೆ ಬಿಟ್ಟು, ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಒಲೆ ಉರಿಸಿದಳು. ಅವಳನ್ನು ಹೊಸಕೋಟೆ ಆಚೆಯ ಜಡಿಗೇನಹಳ್ಳಿಗೆ ಕೊಟ್ಟಾಗ ಆತ ಬಸ್ಸಿನ ಕಂಬಿ ಹಿಡಿದು ಬಿಡದೆ ಅತ್ತಿದ್ದನ್ನು ಹಳಬರು ಇವತ್ತಿಗೂ ಹೇಳಿ ನಗುತ್ತಾರೆ. ಅಂಜಿನಮ್ಮನಿಗೆ ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮ ಒಂದು ಒಪ್ಪಂದ ಮಾಡಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಒಂದು ರಿಂಗು ಕೊಟ್ಟು ಕಟ್ ಮಾಡಬೇಕು, ಇವನು ಒಂದು ರಿಂಗು ತಿರುಗಿ ಕೊಟ್ಟು ಕಟ್ ಮಾಡಬೇಕು. ಅವಳದು 'ನಾನು ಚೆನ್ನಾಗಿದ್ದೀನಿ', ಇವನದು 'ನಾನೂ ಚೆನ್ನಾಗಿದ್ದೀನಿ'. ಆಗ ಮಾತಾಡಿದರೆ ಕಾಸು ಹೋಗುವ ಕಾಲ. ಈಗ ಎಷ್ಟು ಮಾತಾಡಿದರೂ ಒಂದೇ ಎಂದು ಎಷ್ಟು ಹೇಳಿದರೂ ಅಂಜಿನಮ್ಮ ನಂಬಲಿಲ್ಲ, ರಿಂಗು ಹಾಗೆಯೇ ಉಳಿಯಿತು. ಹಬ್ಬ ಹುಣ್ಣಿಮೆಗೆ ಭೇಟಿಯಾದಾಗ ಬೇಕಾದಷ್ಟು ಮಾತಾಡುತ್ತಿದ್ದರು. ಫೋನಿನಲ್ಲಿ ಮಾತ್ರ ಒಬ್ಬರ ದನಿಯನ್ನು ಒಬ್ಬರು ಕೇಳಿದ್ದೇ ಇಲ್ಲ. ಆ ನಂಬರನ್ನು ಗೋವಿಂದರಾಜು ಸೇವ್ ಕೂಡ ಮಾಡಿರಲಿಲ್ಲ. ಅಕ್ಕನ ನಂಬರು ಬಾಯಿಗೇ ಬರುತ್ತಿರುವಾಗ ಬರೆದಿಟ್ಟುಕೊಳ್ಳುವುದು ಅವಮಾನ ಎಂದು ಅವನ ಲೆಕ್ಕ.

ಹೊಸ ಫೋನು ತಂದ ಸಂಜೆ, ಟ್ಯಾಂಕಿನ ಬುಡದಲ್ಲಿ ವಾಲ್ವ್ ತಿರುಗಿಸುತ್ತಿರುವಾಗ ರಿಂಗು ಬಂತು. ಆತ ನಗುತ್ತಲೇ ಜೇಬಿನಿಂದ ತೆಗೆದ. ಸ್ಕ್ರೀನು ಪೂರ್ತಿ ಕೆಂಪಾಗಿತ್ತು. 'ಫ್ರಾಡ್' ಎಂದು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ 'ಹಲವರು ದೂರಿದ್ದಾರೆ, ಎತ್ತಬೇಡಿ' ಎಂದು ಬಂತು. ನಂಬರು ಅಕ್ಕನದೇ.

ಆ ದಿನ ಆತ ತಿರುಗಿ ರಿಂಗು ಕೊಟ್ಟ. ಮಾರನೆಯ ದಿನವೂ ಕೊಟ್ಟ, ಆದರೆ ಕೊಡುವ ಮುಂಚೆ ಒಂದು ಗಳಿಗೆ ಆ ಕೆಂಪನ್ನು ನೋಡಿದ. ಆಮೇಲೆ ಅಮರನನ್ನು ಕೇಳಿದ. ಅಮರ್ ಗಿರಾಕಿಯೊಬ್ಬರ ಫೋನಿಗೆ ಗಾಜು ಅಂಟಿಸುತ್ತಾ, ಕೆಂಪು ಬಂದರೆ ಎತ್ತಲೇಬೇಡ, ತಿರುಗಿಯಂತೂ ಮಾಡಲೇಬೇಡ, ಸುಮ್ಮಸುಮ್ಮನೆ ಯಾರನ್ನೂ ಕೆಂಪು ಮಾಡುವುದಿಲ್ಲ ಅದು, ಏನೋ ಇರುತ್ತೆ ಎಂದ. ಅದು ತನ್ನ ಅಕ್ಕನ ನಂಬರು ಎಂದು ಹೇಳಲು ಗೋವಿಂದರಾಜುವಿಗೆ ನಾಚಿಕೆಯಾಯಿತು. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಮನೆಯಲ್ಲಿ ಹೇಳಿದ. ಅನುಸೂಯಮ್ಮ ಕೆಟ್ಟವಳಲ್ಲ, ಆದರೆ ಅಕ್ಕಿ ಆರಿಸುವಾಗ ಅವಳ ತಲೆ ಬಹಳ ಓಡುತ್ತದೆ. ಕೆರೆಯ ಪಕ್ಕದ ಜಮೀನು ಅವಳಿಗೆ ನೆನಪಾಯಿತು. ಮಾವನ ಕಾಲದ ಜಮೀನು, ನೀಲಗಿರಿ ಬಿಟ್ಟರೆ ಏನೂ ಬೆಳೆಯದ್ದು, ಈಚೆಗೆ ಲೇಔಟ್‌ನವರು ಸುತ್ತ ಬಣ್ಣದ ಬಾವುಟ ನೆಟ್ಟ ಮೇಲೆ ಊರವರೆಲ್ಲ ಗೌರವದಿಂದ ನೋಡುತ್ತಿದ್ದದ್ದು. ನೆಲಮಂಗಲದ ಸುತ್ತ ಬೆಲೆ ಏರಿದ ಕಡೆಯಲ್ಲೆಲ್ಲ ಅಕ್ಕತಂಗಿಯರು ಭಾಗ ಕೇಳಿ ಕೋರ್ಟಿಗೆ ಹೋಗುತ್ತಿದ್ದರು. ಕೇಳುವುದು ನ್ಯಾಯವೇ. ಕೇಳಿಸಿಕೊಳ್ಳುವ ಮನೆಗೆ ಮಾತ್ರ ಅದು ಬೇರೆಯಾಗಿ ಕಾಣುತ್ತದೆ. ನಿಮ್ಮಕ್ಕ ಏನೋ ಒಳಗೊಳಗೇ ಮಾಡುತ್ತಿದ್ದಾರೆ, ನಮಗೆ ಗೊತ್ತಿಲ್ಲದ್ದು ಊರಿಗೆ ಗೊತ್ತಾಗಿದೆ, ಅದನ್ನೇ ಫೋನು ಹೇಳುತ್ತಿದೆ ಎಂದು ಅನುಸೂಯಮ್ಮ ತೀರ್ಪು ಕೊಟ್ಟಳು.

ಗೋವಿಂದರಾಜು ಇಲ್ಲ ಎಂದ. ಗಟ್ಟಿಯಾಗಿ ಎನ್ನಲಿಲ್ಲ. ಆ ಸಂಜೆ ರಿಂಗು ಬಂದಾಗ ಅವನ ಹೆಬ್ಬೆರಳು ನಂಬರಿನ ತನಕ ಹೋಗಿ ವಾಪಸ್ಸು ಬಂತು. ಅಕ್ಕನಿಗೆ ಅವನು ಮೊದಲ ಸಲ ಉತ್ತರ ಕೊಡದೆ ಇದ್ದದ್ದು ಹೀಗೆ. ಯಾವ ಜಗಳವೂ ಆಗಿರಲಿಲ್ಲ.

ಮರುದಿನ ಅಕ್ಕನಿಂದ ಒಂದರ ಬದಲು ಎರಡು ರಿಂಗು. ಅದರ ಮರುದಿನ ಇನ್ನೂ ಹೆಚ್ಚು. ಒಂದೊಂದು ರಿಂಗಿಗೂ ಕೆಂಪು ಏಳುತ್ತಿತ್ತು, ಒಂದೊಂದು ಕೆಂಪಿಗೂ ಅನುಸೂಯಮ್ಮ ನೋಡಿದಿರಾ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಬೇರೆಯೇ ನಂಬರಿನಿಂದ ಫೋನು ಬಂತು. ಇದು ಕಟ್ ಆಗಲಿಲ್ಲ, ಪೂರ್ತಿ ರಿಂಗಾಯಿತು. ಸ್ಕ್ರೀನಿನ ಮೇಲೆ ಹೆಸರು ಸ್ಪಷ್ಟವಾಗಿ ಬಿತ್ತು. ಲಾಯರ್ ಖಾಸಿಂ, ಜಡಿಗೇನಹಳ್ಳಿ.

ಮನೆಯೊಳಗೆ ಹಾವು ಬಂದ ಹಾಗಾಯಿತು. ಗೋವಿಂದರಾಜು ಫೋನನ್ನು ನೆಲದ ಮೇಲಿಟ್ಟು ದೂರ ಸರಿದು ಕೂತ. ಅದು ಬಡಿದುಕೊಂಡು ಸುಮ್ಮನಾದ ಮೇಲೆ ಎತ್ತಿಕೊಂಡು ರಾಮಾಂಜಿನಪ್ಪನವರ ಮನೆಗೆ ಓಡಿದ.

ರಾಮಾಂಜಿನಪ್ಪನವರು ಕನ್ನಡಕ ಹಾಕಿಕೊಂಡು ಆ ಹೆಸರನ್ನು ಜಾತಕ ನೋಡುವಂತೆ ನೋಡಿದರು. ಎತ್ತಿದೆಯಾ ಎಂದು ಮೊದಲು ಕೇಳಿದರು. ಇಲ್ಲ ಎಂದದ್ದಕ್ಕೆ ಬೆನ್ನು ತಟ್ಟಿದರು. ಎತ್ತಿದ್ದರೆ ನೋಟಿಸು ಕೈಗೆ ತಲುಪಿದ ಹಾಗೆ ಲೆಕ್ಕ ಎಂದು ಅವರ ಅಭಿಪ್ರಾಯ. ಇಂಥ ಅಭಿಪ್ರಾಯಗಳಿಂದಲೇ ಅವರು ಎರಡು ಕೇಸು ಸೋತದ್ದು ಎಂಬುದು ಗೋವಿಂದರಾಜುವಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

"ಅಕ್ಕಂಗೆ ಮಕ್ಕಳೇ ಇಲ್ವಲ್ಲ ಮೆಂಬ್ರೇ, ಯಾರಿಗೆ ಅಂತ ಕೇಳ್ತಾಳೆ?" ಎಂದ.

"ಕೇಳೋಕೆ ಮಕ್ಕಳೇ ಬೇಕಾ ಗೋವಿಂದ, ಒಬ್ಬ ಲಾಯರ್ ಸಾಕು" ಎಂದರು ಅವರು.

ಉಪಾಯವನ್ನೂ ಅವರೇ ಹೇಳಿಕೊಟ್ಟರು. ಫೋನಿನಲ್ಲಿ ಮಾತು ಬೇಡ, ಅಕ್ಕನ ಊರಿಗೆ ಹೋಗುವುದಂತೂ ಬೇಡವೇ ಬೇಡ. ಒಂದಲ್ಲ ಒಂದು ದಿನ ಅವಳೇ ಬರುತ್ತಾಳೆ. ಬಂದಾಗ ಈ ಹೊಸ ಫೋನಿನಲ್ಲಿ ವಿಡಿಯೋ ಮಾಡಿಕೊ. ತನ್ನ ಹೆಸರು, ತಂದೆಯ ಹೆಸರು, ಜಮೀನಿನಲ್ಲಿ ಏನೂ ಬೇಡವೆಂಬ ಮಾತು, ಮೂರೂ ಅವಳ ಬಾಯಿಂದಲೇ ಬರಬೇಕು. ಆಮೇಲೆ ಯಾವ ಖಾಸಿಂ ಬಂದರೂ ಏನೂ ಕಿತ್ತುಕೊಳ್ಳಲಾಗದು. ಗೋವಿಂದರಾಜು ತಲೆಯಾಡಿಸಿದ. ಕೊನೆಯದಾಗಿ ಮಾತಾಡಿದವರು ಅವರೇ ಆಗಿದ್ದರು.

ಅವಳು ಬಂದೇಬಿಟ್ಟಳು. ಅವರೆಕಾಯಿಯ ಕಾಲ, ಚಳಿ. ಇನ್ನೂ ಮಬ್ಬಿರುವಾಗಲೇ ಹಸುವಿಗೆ ಹುಲ್ಲು ಹಾಕಿ ಹೊರಟವಳು, ಹೊಸಕೋಟೆಯಲ್ಲೊಂದು, ಮೆಜೆಸ್ಟಿಕ್ಕಿನಲ್ಲೊಂದು, ನೆಲಮಂಗಲದಲ್ಲೊಂದು ಬಸ್ಸು ಬದಲಾಯಿಸಿಕೊಂಡು ಬಂದು ತ್ಯಾಮಗೊಂಡ್ಲಿನಲ್ಲಿ ಇಳಿದಳು. ಟೀ ಅಂಗಡಿಯವರು ನಿಮ್ಮಕ್ಕ ಇಳಿದರು ನೋಡು ಎಂದು ಫೋನು ಮಾಡಿದ್ದರಿಂದ ಮನೆ ತಯಾರಾಗಲು ಸಮಯ ಸಿಕ್ಕಿತು. ರಾಮಾಂಜಿನಪ್ಪನವರು ಬಂದು ಕುರ್ಚಿ ಹಾಕಿಕೊಂಡು ಕೂತರು. ಅನುಸೂಯಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಗೋವಿಂದರಾಜು ನಡುಮನೆಯಲ್ಲಿ ಫೋನನ್ನು ಎರಡೂ ಕೈಯಲ್ಲಿ ಮುಖದ ಮುಂದೆ ಹಿಡಿದು ನಿಂತ.

ಅಂಜಿನಮ್ಮ ಕೈಚೀಲ ಹಿಡಿದು ಹೊಸ್ತಿಲು ದಾಟಿದಳು. ತಮ್ಮ ತನ್ನ ಎರಡು ಕಾಲ ಮೇಲೆ ನಿಂತಿರುವುದನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ಫೋನು ಕಂಡಿತು. ಕೂಡಲೇ ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಕೂದಲು ಒತ್ತಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ತಮ್ಮ ತನ್ನ ಫೋಟೋ ತೆಗೆಯುತ್ತಿದ್ದಾನೆ ಎಂದುಕೊಂಡಳು.

"ಹೊಸ್ದೇನೋ ಗೋವಿಂದ?" ಎಂದಳು. "ಅದ್ಕೇನಾ ರಿಂಗು ಬರ್ಲಿಲ್ಲ. ನಾನು ಏನೇನೋ ಅಂದ್ಕೊಂಡ್ಬಿಟ್ಟೆ ಕಣೋ."

ರಾಮಾಂಜಿನಪ್ಪನವರು ಕೆಮ್ಮಿದರು. ಹಾಗೆ ಕೆಮ್ಮಿದರೆ ಶುರು ಮಾಡಬೇಕೆಂದು ಮಾತಾಗಿತ್ತು.

"ಹೆಸ್ರು ಹೇಳಕ್ಕಾ" ಎಂದ ಗೋವಿಂದರಾಜು.

"ಯಾರ್ದು?"

"ನಿಂದು."

ಅಂಜಿನಮ್ಮನಿಗೆ ಗೊತ್ತಾಯಿತು. ಅಂದರೆ, ಗೊತ್ತಾಯಿತು ಎಂದುಕೊಂಡಳು. ವಿಧವಾ ಪಿಂಚಣಿ ನಿಲ್ಲಬಾರದೆಂದರೆ ಬದುಕಿರುವುದನ್ನು ತೋರಿಸಬೇಕೆಂದು ಹೊಸಕೋಟೆಯಲ್ಲಿ ಯಾರೋ ಅವಳ ಮುಖದ ಮುಂದೆ ಹೀಗೆಯೇ ಫೋನು ಹಿಡಿದು, ಹೆಸರು ಕೇಳಿ, ಕಣ್ಣು ಮಿಟುಕಿಸಲು ಹೇಳಿದ್ದರು. ತಮ್ಮನೂ ಅಂಥದೇ ಏನೋ ಅನುಕೂಲ ಮಾಡಿಕೊಡುತ್ತಿದ್ದಾನೆ ಎಂದು ಅವಳಿಗೆ ಸಂತೋಷವಾಯಿತು. ಅಂಜಿನಮ್ಮ, ತಂದೆ ದೊಡ್ಡಹನುಮಯ್ಯ ಎಂದು ಶಾಲೆಯ ಹುಡುಗಿಯಂತೆ ಒಪ್ಪಿಸಿದಳು. ಆಮೇಲೆ ಯಾರೂ ಕೇಳದೆಯೇ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ, ದೊಡ್ಡದಾಗಿ ತೆರೆದು, ಮತ್ತೆ ಮುಚ್ಚಿ ತೆರೆದಳು. ಮುಖವನ್ನು ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು. ಸರಿಯಾಗಿ ಬಂತೇನೋ ಎಂದು ಕೇಳಿದಳು.

ಅನುಸೂಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಅದು ನಗುವಿಗೆ, ಆಮೇಲೆ ಬೇರೆಯದಕ್ಕೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ರಾಮಾಂಜಿನಪ್ಪನವರು ಮತ್ತೆ ಕೆಮ್ಮಿದರು, ಗೋವಿಂದರಾಜು ಬಾಯಿಪಾಠ ಮಾಡಿಕೊಂಡಿದ್ದ ಮಾತು ತಾನಾಗಿ ಉದುರಿತು.

"ಕೆರೆ ಪಕ್ಕದ ಜಮೀನಲ್ಲಿ ನಿಂಗೇನಾದ್ರೂ ಭಾಗ ಬೇಕಾ ಅಂತ ಹೇಳಕ್ಕಾ."

ಅವಳು ಕುರ್ಚಿಯಲ್ಲಿ ಕೂತಿದ್ದ ರಾಮಾಂಜಿನಪ್ಪನವರನ್ನು ನೋಡಿದಳು, ಬಾಗಿಲಲ್ಲಿದ್ದ ಅನುಸೂಯಮ್ಮನನ್ನು ನೋಡಿದಳು, ಕೊನೆಗೆ ಫೋನನ್ನು ನೋಡಿದಳು. ತಮ್ಮನ ಮುಖ ಅದರ ಹಿಂದೆ ಇತ್ತು. ಗೋವಿಂದರಾಜುವಿಗೂ ಅಕ್ಕ ಕಂಡದ್ದು ಆ ಗಾಜಿನೊಳಗೇ. ಹೊಸ ಫೋನಿನ ಕ್ಯಾಮೆರಾ ಬಹಳ ಚೆನ್ನಾಗಿತ್ತು. ಎಡಗಣ್ಣಿನಲ್ಲಿ ಕಟ್ಟಿದ್ದ ಪೊರೆ, ರವಿಕೆಯ ತೋಳಿನ ಹೊಲಿಗೆ, ಗಲ್ಲದ ಹತ್ತಿರ ಏನೋ ಅಲುಗಿ ನಿಂತದ್ದು, ಒಂದನ್ನೂ ಬಿಡದೆ ತೋರಿಸಿತು.

"ಬೇಡ" ಎಂದಳು.

ಅದೇ ಹೊತ್ತಿಗೆ ಬೀದಿಯಲ್ಲಿ ಸೈಲೆನ್ಸರ್ ಇಲ್ಲದ ಬೈಕೊಂದು ಭರ್ರನೆ ಹೋಯಿತು. ರಾಮಾಂಜಿನಪ್ಪನವರು ನೊಂದುಕೊಂಡರು. ಮಾತು ಬೈಕಿನಲ್ಲಿ ಹೋಯಿತಲ್ಲ, ಕೋರ್ಟಿನಲ್ಲಿ ಇಂಥದಕ್ಕೇ ಹಿಡಿಯುತ್ತಾರೆ, ಇನ್ನೊಂದು ಸಲ ಪೂರ್ತಿಯಾಗಿ ಹೇಳಿಸು ಎಂದರು.

"ಗಟ್ಟಿಯಾಗಿ ಹೇಳ್ಲಾ?" ಎಂದು ಅಂಜಿನಮ್ಮ ಅವರನ್ನೇ ಕೇಳಿದಳು. ಅವರು ಹೂಂ ಎಂದ ಮೇಲೆ ಗೋಡೆಗೆ ಇನ್ನೊಂದು ಸಲ ನೆಟ್ಟಗೆ ನಿಂತು, ಬಿಡಿಸಿ ಬಿಡಿಸಿ ಹೇಳಿದಳು. "ಕೆರೆ ಪಕ್ಕದ ಜಮೀನಲ್ಲಿ ನಂಗೇನೂ ಬೇಡ. ಎಲ್ಲಾ ನನ್ ತಮ್ಮನಿಗೇ ಇರ್ಲಿ."

ರಾಮಾಂಜಿನಪ್ಪನವರು ತೃಪ್ತರಾಗಿ ಎದ್ದುಹೋದರು. ಮನೆಯಲ್ಲಿ ಭಾರ ಇಳಿಯಿತು. ಇಳಿದ ಮೇಲೆ ಅನುಸೂಯಮ್ಮನಿಗೆ ನಾದಿನಿಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂದು ಕಾಫಿ ತಂದಳು. ಮಾತಿಗೆ ಮಾತು ಬಂದು, ಆ ಲಾಯರ್ ಖಾಸಿಂ ಯಾರು ಎಂದು ಕೇಳಿದಳು.

ಅಂಜಿನಮ್ಮ ಮುಚ್ಚುಮರೆ ಇಲ್ಲದೆ ಹೇಳಿದಳು. ಖಾಸಿಂ ಅವಳ ಬೀದಿಯ ಕೊನೆಯಲ್ಲಿ ಪಂಕ್ಚರ್ ಹಾಕುವವನು. ಯಾವ ಮಾತಿಗೂ ವಾದ ಮಾಡುತ್ತಾನೆಂದು ಊರವರೆಲ್ಲ ಅವನನ್ನು ಲಾಯರ್ ಎನ್ನುತ್ತಾರೆ. ರಿಂಗಿಗೆ ಉತ್ತರ ಬರದೆ ಇದ್ದಾಗ, ತಮ್ಮನಿಗೆ ಏನೋ ಆಗಿದೆ, ನನಗೆ ಹೇಳದೆ ಮುಚ್ಚಿಟ್ಟಿದ್ದಾರೆ ಎಂದು ಅವಳು ಅವನ ಅಂಗಡಿಯ ಮುಂದೆ ಹೋಗಿ ಅತ್ತಿದ್ದಳು. ಅವನು ತನ್ನ ಫೋನಿನಿಂದ ಮಾಡಿ ನೋಡಿದ. ಅದನ್ನೂ ಎತ್ತಲಿಲ್ಲ. ಅವನ ಹೆಂಡತಿ ನೂರುನ್ನೀಸಾ, ಹೀಗೆ ಕೂತರೆ ಆಗಲ್ಲ, ಹೋಗಿ ಕಣ್ಣಾರೆ ನೋಡಿ ಬಂದು ಬಿಡಕ್ಕ ಎಂದು ತಾನೇ ಬಸ್ಸು ಹತ್ತಿಸಿದಳು.

ರಿಂಗಿನ ವಿಷಯವನ್ನೂ ಅವಳೇ ಹೇಳಿದಳು. ಕಣ್ಣು ಮಂಜಾದ ಮೇಲೆ ಗುಂಡಿ ಒತ್ತುವಾಗ ಒಂದೆರಡು ತಪ್ಪುತ್ತವೆ. ಯಾರ್ಯಾರಿಗೋ ಹೋಗುತ್ತದೆ. ಅವರು ತಿರುಗಿ ಮಾಡಿ, ದಿನಾ ಇದೇ ಆಯಿತಲ್ಲ ಎಂದು ಬೈಯುತ್ತಾರೆ. ಬೈದರೆ ಅದು ಗೋವಿಂದ ಅಲ್ಲ ಎಂದು ತಿಳಿದು ಇನ್ನೊಂದು ಸಲ ಒತ್ತುತ್ತಾಳೆ. ಬೈಯದೆ ಒಂದೇ ರಿಂಗು ಕೊಟ್ಟು ಸುಮ್ಮನಾದರೆ ಅದು ಗೋವಿಂದ. ಆಗ ತಟ್ಟೆ ಹಾಕಿಕೊಂಡು ಉಣ್ಣುತ್ತಾಳೆ. ಈಚೆಗೆ ತಟ್ಟೆ ಹಾಕಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ ಎಂದಳು.

ಆ ಕೆಂಪು ಅಕ್ಷರ ಎಲ್ಲಿಂದ ಬಂತು ಎಂದು ಗೋವಿಂದರಾಜುವಿಗೆ ಆಗ ತಿಳಿಯಿತು. ತನ್ನನ್ನು ಹುಡುಕುತ್ತಾ ಅಕ್ಕ ದಿನಾ ಯಾರ್ಯಾರ ಮನೆಯ ಬಾಗಿಲು ತಟ್ಟಿದ್ದಳೋ, ಅವರೆಲ್ಲ ಸೇರಿ ಅವಳಿಗೆ ಇಟ್ಟ ಹೆಸರು ಅದು. ಆತ ಏನಾದರೂ ಹೇಳಬೇಕಿತ್ತು. ತಪ್ಪಾಯಿತಕ್ಕಾ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೂರನೇ ಅಡ್ಡರಸ್ತೆಯಲ್ಲಿ ನೀರು ಬಂದಿರಲಿಲ್ಲ.

ಅವಳು ನಿಲ್ಲಲಿಲ್ಲ. ಊಟಕ್ಕೆ ಎಲೆ ಹಾಕುತ್ತೇನೆಂದರೆ ಮನೆಯಲ್ಲಿ ಹಸು ಒಂದೇ ಇದೆ ಎಂದಳು, ರಾತ್ರಿ ಇದ್ದು ಹೋಗಿ ಎಂದು ಅನುಸೂಯಮ್ಮ ಕೈ ಹಿಡಿದರೆ ಬಿಡಿಸಿಕೊಳ್ಳದೆ ನಿಂತು, ಇನ್ನೊಂದು ಸಲ ಬರ್ತೀನಮ್ಮ ಎಂದಳು. ಚೀಲದಿಂದ ಒಂದು ಡಬ್ಬಿ ತೆಗೆದು ಕೊಟ್ಟಳು. ತಮ್ಮನಿಗೆ ಇಷ್ಟವೆಂದು ನೆನೆಸಿ, ಒಂದೊಂದೇ ಸಿಪ್ಪೆ ಹಿತುಕಿ ತಂದ ಅವರೆಬೇಳೆ. ಗೋವಿಂದರಾಜು ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದ. ದಾರಿಯುದ್ದಕ್ಕೂ ನೀರಿನವರ ಫೋನು. ಒಂದೊಂದಕ್ಕೂ ಹೆಸರು ಬರುತ್ತಿತ್ತು, ಒಬ್ಬೊಬ್ಬರಿಗೂ ಆತ ಈಗ ಬಂದೆ ಎನ್ನುತ್ತಿದ್ದ. ಮಾತಾಡೋಣ ಎಂದು ಫೋನು ಜೇಬಿಗಿಟ್ಟಾಗ ನೆಲಮಂಗಲದ ಬಸ್ಸು ಬಂದು ನಿಂತಿತ್ತು. ಅಂಜಿನಮ್ಮ ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಸೀಟು ಸಿಕ್ಕಿತಾದರೂ ಅವಳು ಈ ಕಡೆ ನೋಡಲಿಲ್ಲ.

ಆ ಸಂಜೆ ರಿಂಗು ಬರಲಿಲ್ಲ. ಬಸ್ಸಿನಲ್ಲಿ ದಣಿದಿರುತ್ತಾಳೆ ಎಂದುಕೊಂಡ. ಮಾರನೆಯ ಸಂಜೆಯೂ ಬರಲಿಲ್ಲ. ಗೋವಿಂದರಾಜು ಅಮರನ ಅಂಗಡಿಗೆ ಹೋಗಿ, ಇದನ್ನು ವಾಪಸ್ಸು ತಗೊಂಡು ನನ್ನ ಹಳೆಯದನ್ನೇ ಕೊಡು ಎಂದ. ಅಮರ್ ನಕ್ಕ. ಹಳೆಯದು ಬಿಡಿಭಾಗಗಳಾಗಿ ಎಲ್ಲೆಲ್ಲಿಗೋ ಹೋಗಿಯಾಗಿತ್ತು. ಏನು ತೊಂದರೆ ಎಂದು ಕೇಳಿ ತಿಳಿದುಕೊಂಡು, ಅಮರ್ ಆ ಕೆಂಪು ನಂಬರಿನ ಮೇಲೆ ಬೆರಳಿಟ್ಟು, ಇದು ಫ್ರಾಡ್ ಅಲ್ಲ ಎಂದು ಒತ್ತಿದ. ಅಷ್ಟೇ ಕೆಲಸ. ಏನಂತ ಸೇವ್ ಮಾಡಲಿ ಎಂದು ಕೇಳಿದ. ಗೋವಿಂದರಾಜು ಅಂಜಿನಕ್ಕ ಎಂದ. ಈಗ ರಿಂಗಾದರೆ ಅದೇ ಹೆಸರು ಬರುತ್ತೆ, ಬೇಕಾದರೆ ಅವರ ಫೋಟೋವನ್ನೂ ಹಾಕಬಹುದು, ಇದೆಯಾ ಎಂದ ಅಮರ್. ಫೋಟೋ ಇರಲಿಲ್ಲ. ವಿಡಿಯೋ ಇತ್ತು. ಇಲ್ಲ ಎಂದು ಆತ ಎದ್ದು ಬಂದ.

ಫೋನೇನೋ ಚೆನ್ನಾಗಿಯೇ ಇತ್ತು. ಪಂಚಾಯ್ತಿಯವರು ಈಗ ಟ್ಯಾಂಕಿನ ತುಕ್ಕನ್ನೂ ಗುರುತು ಹಿಡಿಯುತ್ತಿದ್ದರು. ಅನುಸೂಯಮ್ಮ ಅವರೆಬೇಳೆಯ ಸಾರು ಮಾಡಿ ಬಡಿಸಿದಳು. ತಾನೂ ಎದುರಿಗೆ ಕೂತು, ಹೋಗಿ ಕರೆದುಕೊಂಡು ಬನ್ನಿ ಎಂದು ತಾನಾಗಿಯೇ ಹೇಳಿದಳು. ಹೋಗಬೇಕು ಎಂದು ಆತ ಹೇಳುತ್ತಲೇ ಇದ್ದ. ಯಾವ ಮುಖ ಇಟ್ಟುಕೊಂಡು ಹೋಗುವುದು ಎಂದು ಮಾತ್ರ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಆತನೇ ಟ್ಯಾಂಕಿನ ಬುಡದಿಂದ ಒಂದು ರಿಂಗು ಕೊಟ್ಟು ಕಟ್ ಮಾಡತೊಡಗಿದ. ಕೊಟ್ಟು, ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ಆಚೆಯಿಂದ ಏನೂ ಬರುತ್ತಿರಲಿಲ್ಲ. ಹಾಗೆ ಕೆಲವು ಸಂಜೆಗಳಾದ ಮೇಲೆ ಒಂದು ದಿನ ಆತ ಕಟ್ ಮಾಡಲಿಲ್ಲ. ರಿಂಗಾಗಲಿ ಎಂದು ಬಿಟ್ಟ. ಬಹಳ ಹೊತ್ತಾದ ಮೇಲೆ ಯಾರೋ ಎತ್ತಿದರು.

"ಹಲೋ" ಎಂದಿತು ಒಂದು ಮುದಿ ದನಿ. ಫೋನಿನಲ್ಲಿ ಅಕ್ಕನ ದನಿ ಹೀಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ತಾಯಿಯ ದನಿ ಅವನಿಗೆ ನೆನಪಿಲ್ಲ, ನೆನಪಿದ್ದಿದ್ದರೆ ಇದೇ ಇರುತ್ತಿತ್ತೇನೋ.

"ಅಕ್ಕಾ, ನಾನು."

"ಹೇಳಪ್ಪಾ."

"ಊಟ ಆಯ್ತಾ?"

"ಆಯ್ತು."

"ಕಣ್ಣು ಡಾಕ್ಟ್ರಿಗೆ ತೋರ್ಸೋಣ ಅಂತ ಇದ್ದೆ. ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

ಹಸು ಎಲ್ಲೋ ಹತ್ತಿರದಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳು, ಕೋಪವಿಲ್ಲದೆ, ತಿಳಿದುಕೊಳ್ಳುವುದಕ್ಕೆಂದೇ ಕೇಳಿದ ಹಾಗೆ ಕೇಳಿದಳು.

"ಇದೂ ಅದ್ರೊಳಗೆ ತುಂಬ್ಕೊತಾ ಇದ್ಯೇನಪ್ಪಾ?"

ಅವನ ಮೌನವನ್ನು ಅವಳು ಹೌದೆಂದೇ ತಿಳಿದಳು.

"ಪರ್ವಾಗಿಲ್ಲ, ಬಿಡು. ಇನ್ನೇನ್ ಹೇಳ್ಬೇಕಾಗಿತ್ತು ಹೇಳು, ಹೇಳ್ಬಿಡ್ತೀನಿ. ಇಲ್ಲಿ ಯಾವ ಬೈಕೂ ಇಲ್ಲ, ಚೆನ್ನಾಗಿ ಕೇಳ್ಸುತ್ತೆ."